ನೀರಿಗೆ ನೀರನ್ನೇ ಬೆರೆಸಿದರೆ

"ಮನೆಗೆ ಆರ್‌ಒ ಹಾಕಿಸಿದ್ದೇವೆ. ಅಣುಸ್ಥಾವರದ ನೀರು ಬಾವಿಗೆ ಇಳಿದರೂ ಅದು ಸೋಸಿಬಿಡುತ್ತೆ ಅಲ್ವಾ ಸಾರ್?" ಎಂದು ಕಾರವಾರ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಅಮೆರಿಕದ ಮಾಂಟಿಸೆಲ್ಲೊ ಸ್ಥಾವರದ ಹಳೆಯ ಸುದ್ದಿ ಅವರ ಫೋನಿಗೆ ಈಗ ಬಂದು ಬಿದ್ದಿದೆಯಂತೆ. ಸೋಸುವುದಿಲ್ಲ ಸ್ವಾಮಿ. ಯಾಕೆ ಎಂದು ಹೇಳಲು ಹಾಲಿನಿಂದ ಶುರು ಮಾಡಬೇಕು.

ಹಾಲಿಗೆ ನೀರು ಬೆರೆಸಿದರೆ ಡೇರಿಯವರು ಲ್ಯಾಕ್ಟೋಮೀಟರ್ ಇಳಿಬಿಟ್ಟು ಹಿಡಿಯುತ್ತಾರೆ. ನೀರಿಗೆ ಉಪ್ಪು ಬೆರೆಸಿದರೆ ನಾಲಿಗೆಯೇ ಹೇಳುತ್ತದೆ, ಆರ್‌ಒ ಪೊರೆ ಅದನ್ನು ಆಚೆಗೇ ತಡೆಯುತ್ತದೆ. ನೀರಿಗೆ ನೀರನ್ನೇ ಬೆರೆಸಿದರೆ? ಅಣುಸ್ಥಾವರದಿಂದ ಸೋರುವ ನೀರಿನಲ್ಲಿನ ಟ್ರಿಟಿಯಂ ಮಾಡುವ ಕಲಬೆರಕೆ ಅಂಥದ್ದು. ಅದೂ ಹೈಡ್ರೋಜನ್ನೇ, ಒಡಲಲ್ಲಿ ಎರಡು ನ್ಯೂಟ್ರಾನ್ ಹೆಚ್ಚಿಗೆ ಹೊತ್ತದ್ದು. ಆಮ್ಲಜನಕದ ಜೊತೆ ಸೇರಿ ನೀರೇ ಆಗುತ್ತದೆ. ನೀರನ್ನು ಬಿಡುವ ಪೊರೆ ಇದನ್ನೂ ಬಿಡುತ್ತದೆ. ಕುದಿಸಿದರೆ ಆವಿಯ ಜೊತೆ ಆವಿ. ಕುಡಿಯುವ ಲೀಟರ್ ನೀರಿನಲ್ಲಿ ಅಮೆರಿಕ ಒಪ್ಪುವ ಮಿತಿ 740 ಬೆಕೆರೆಲ್ (ವಿಕಿರಣದ ಅಳತೆ). ಆ ಮಟ್ಟದಲ್ಲಿ ಸುಮಾರು 80 ಲಕ್ಷ ಕೋಟಿ ನೀರಿನ ಅಣುಗಳಿಗೆ ಇಂಥದ್ದು ಒಂದು. ಹೆಕ್ಕಿ ತೆಗೆಯಿರಿ ನೋಡೋಣ!

ಇದು ದೊಡ್ಡವರನ್ನೇ ಸತಾಯಿಸಿದ ವಸ್ತು. 1934ರಲ್ಲಿ ಕೇಂಬ್ರಿಜ್‌ನಲ್ಲಿ ರುದರ್‌ಫೋರ್ಡ್, ಆಲಿಫಂಟ್, ಹಾರ್ಟೆಕ್ ಮೂವರೂ ಸೇರಿ ಭಾರ ಹೈಡ್ರೋಜನ್ನಿಗೆ ಭಾರ ಹೈಡ್ರೋಜನ್ನನ್ನೇ ಗುದ್ದಿಸಿ ಇದನ್ನು ಹುಟ್ಟಿಸಿದರು. ಇದು ವಿಕಿರಣ ಸೂಸದೆ ಗಟ್ಟಿಯಾಗಿ ಉಳಿಯುತ್ತದೆ ಎಂದು ರುದರ್‌ಫೋರ್ಡ್ ನಂಬಿದ್ದರು. ಹಾಗಿದ್ದರೆ ಸಹಜ ನೀರಿನಲ್ಲೂ ಇರಲೇಬೇಕೆಂದು ನಾರ್ವೆಯಿಂದ ಭಾರಜಲ ತರಿಸಿ ಹುಡುಕಿಸಿದರು. ಸಿಗಲಿಲ್ಲ. 1937ರಲ್ಲಿ ಅವರು ತೀರಿಕೊಂಡರು. ಅವರ ಎಣಿಕೆ ತಲೆಕೆಳಗಾಗಿತ್ತು ಎಂದು 1939ರಲ್ಲಿ ಬರ್ಕ್ಲಿಯ ಆಲ್ವಾರೆಜ್ ಮತ್ತು ಕಾರ್ನಾಗ್ ತೋರಿಸಿದರು: ಟ್ರಿಟಿಯಂ ಉಳಿಯುವುದಿಲ್ಲ, ಕರಗುತ್ತದೆ. ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ, ಇನ್ನಷ್ಟೇ ವರ್ಷಕ್ಕೆ ಆ ಅರ್ಧದಲ್ಲಿ ಅರ್ಧ.

ಸಹಜ ನೀರಿನಲ್ಲೂ ಅದು ಇದೆ, ಅಂದಿನ ಉಪಕರಣಗಳಿಗೆ ಎಟುಕದಷ್ಟು ಕಡಿಮೆ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದು ದಿನವೂ ಒಂದಿಷ್ಟು ಹುಟ್ಟಿಸುತ್ತವೆ. ಜಲಜನಕ ಬಾಂಬ್ ಪರೀಕ್ಷೆಗಳ ಕಾಲದಲ್ಲಂತೂ ಮಳೆಯಲ್ಲೇ ಸುರಿಯಿತು, 1963ರ ಹೊತ್ತಿಗೆ ಅದು ಶಿಖರ ಮುಟ್ಟಿತ್ತು. ಅಂತರ್ಜಲದ ವಯಸ್ಸು ಲೆಕ್ಕಹಾಕುವವರು ಆ ಗುರುತನ್ನೇ ಹಿಡಿದು ಹೋಗುತ್ತಾರೆ.

ಇನ್ನು ಮಾಂಟಿಸೆಲ್ಲೊ. ಮಿನೆಸೋಟದಲ್ಲಿ, ಮಿಸಿಸಿಪ್ಪಿ ನದಿಯ ದಡದ ಸ್ಥಾವರ ಅದು. 2022ರ ನವೆಂಬರ್‌ನಲ್ಲಿ ಎರಡು ಕಟ್ಟಡಗಳ ನಡುವಿನ ಪೈಪು ಬಿರುಕುಬಿಟ್ಟು ಟ್ರಿಟಿಯಂ ಇದ್ದ ಸುಮಾರು 15 ಲಕ್ಷ ಲೀಟರ್ ನೀರು ನೆಲಕ್ಕಿಳಿಯಿತು. ಇಳಿದದ್ದು ಗೊತ್ತಾದದ್ದು ಹೇಗೆ? ಆವರಣದಲ್ಲಿ ತೋಡಿಟ್ಟ ಪರೀಕ್ಷಾ ಬಾವಿಯ ನೀರಿನಿಂದ. ಸೀಸಿಯಂನಂಥವು ಜೇಡಿಮಣ್ಣಿಗೆ ಅಂಟಿಕೊಂಡು ಅಲ್ಲೇ ಕೂರುತ್ತವೆ. ಟ್ರಿಟಿಯಂ ನೀರೇ ಆದ್ದರಿಂದ ನೀರು ಹೋದಷ್ಟೇ ವೇಗದಲ್ಲಿ ಹೋಗಿ ಬಾವಿಗೆ ಮೊದಲು ತಲುಪುತ್ತದೆ. ಚಾಡಿ ಹೇಳುವ ಅಣ್ಣತಮ್ಮ ಇದ್ದ ಹಾಗೆ.

ಎಷ್ಟು ಹೆದರಬೇಕು? ಟ್ರಿಟಿಯಂನ ಬೀಟಾ ಕಣ ಗಾಳಿಯಲ್ಲಿ ಸುಮಾರು ಆರು ಮಿಲಿಮೀಟರ್ ಹೋಗುವಷ್ಟರಲ್ಲಿ ಸುಸ್ತು, ಚರ್ಮದ ಸತ್ತ ಪದರವನ್ನೂ ದಾಟದು. ಕುಡಿದರೆ ಮಾತ್ರ ಒಳಗಿನಿಂದ ಲೆಕ್ಕಕ್ಕೆ ಬರುತ್ತದೆ. ಅಲ್ಲೂ ನಿಲ್ಲುವುದಿಲ್ಲ, ಹತ್ತು ದಿನದಲ್ಲಿ ಅರ್ಧದಷ್ಟು ಮೂತ್ರ, ಬೆವರಿನಲ್ಲಿ ಹೊರಟುಹೋಗುತ್ತದೆ. ನಮ್ಮ ಕೈಗಾದಲ್ಲಿ 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದು ನೆನಪಿದೆಯೇ? ಅದು ಅಂತರ್ಜಲದ ಕಥೆಯಲ್ಲ, ಆದರೆ ಹತ್ತಾರು ನೌಕರರ ವಿಷಯ ಬಯಲಾದದ್ದು ಮಾಮೂಲಿ ಮೂತ್ರಪರೀಕ್ಷೆಯಲ್ಲೇ. ಬೇಗ ಹೊರಹಾಕುವ ಉಪಾಯವೂ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವುದೇ. ಮಿತಿಗಳಂತೂ ದೇಶಕ್ಕೊಂದು: ಅಮೆರಿಕ 740 ಬೆಕೆರೆಲ್ ಎಂದರೆ ವಿಶ್ವ ಆರೋಗ್ಯ ಸಂಸ್ಥೆ 10,000ದವರೆಗೂ ಅಡ್ಡಿಯಿಲ್ಲ ಎನ್ನುತ್ತದೆ. 'ವಿಷಜಲ' ಎಂದು ಕೂಗುವ ವಾಟ್ಸಾಪ್ ಸಂದೇಶಗಳಲ್ಲಿ ಈ ಅಂಕಿಗಳನ್ನು ನಾನಂತೂ ನೋಡಿಲ್ಲ.

ಹಾಗೆಂದು ಕಂಪನಿಗೆ ಶಹಬಾಸ್ ಹೇಳಲಾರೆ. ನಿಯಂತ್ರಣ ಆಯೋಗಕ್ಕೆ ತಕ್ಷಣ ತಿಳಿಸಿದ್ದ ಅವರು ಊರಿನವರ ಮುಂದೆ ಬಾಯಿಬಿಟ್ಟದ್ದು 2023ರ ಮಾರ್ಚ್‌ನಲ್ಲಿ. ಅದೇ ತಿಂಗಳು, ಸೋರುವ ನೀರು ಹಿಡಿಯಲು ಮಾಡಿದ್ದ ತಾತ್ಕಾಲಿಕ ಏರ್ಪಾಡೂ ಸಾಲದೆ ಮತ್ತೆ ಸೋರಿತು. ಹೆಂಚು ಬದಲಿಸದೆ ಬಕೆಟ್ ಇಟ್ಟಂತೆ! ಆಮೇಲೆ ಸ್ಥಾವರ ನಿಲ್ಲಿಸಿ ಪೈಪು ಬದಲಿಸಿದರು. ವರ್ಮಾಂಟ್ ಯಾಂಕಿ ಸ್ಥಾವರದ್ದು ಇನ್ನೂ ದುಬಾರಿ ಪಾಠ. ವಿಕಿರಣದ ನೀರು ಹರಿಯುವ ಪೈಪುಗಳು ನೆಲದಡಿ ಇಲ್ಲವೇ ಇಲ್ಲ ಎಂದು ಅಲ್ಲಿನವರು ಸಾಧಿಸಿದ್ದರು. 2010ರ ಜನವರಿಯಲ್ಲಿ ಪರೀಕ್ಷಾ ಬಾವಿಯಲ್ಲಿ ಟ್ರಿಟಿಯಂ ಸಿಕ್ಕಿತು, ಪೈಪುಗಳೂ ಸಿಕ್ಕವು. ಮರುತಿಂಗಳೇ ರಾಜ್ಯದ ಸೆನೆಟ್ 26–4 ಮತಗಳಿಂದ ಪರವಾನಗಿ ಮುಂದುವರಿಕೆಗೆ ಬೇಡವೆಂದಿತು. ನೀರಿನಲ್ಲಿದ್ದ ಟ್ರಿಟಿಯಂಗಿಂತ ಆ ಸುಳ್ಳೇ ಜನರನ್ನು ಹೆಚ್ಚು ಕೆಣಕಿದ್ದು ಎಂದು ನನ್ನ ಅಂದಾಜು.

ಕಾರವಾರದ ಓದುಗರೇ, ನಿಮ್ಮ ಆರ್‌ಒ ಪೂರ್ತಿ ದಂಡವೇನಲ್ಲ. ಕೋಲಾರ, ತುಮಕೂರು ಕಡೆ ನಿಮ್ಮ ನೆಂಟರಿದ್ದರೆ ಅವರಿಗೆ ಹೇಳಿ. ಅಲ್ಲಿ ಹತ್ತಿರದಲ್ಲೆಲ್ಲೂ ಅಣುಸ್ಥಾವರವಿಲ್ಲ, ಆದರೂ ಕಣಶಿಲೆಗೆ ಕೊರೆದ ಆಳದ ಬೋರ್‌ವೆಲ್‌ಗಳಲ್ಲಿ ಬಂಡೆಯದೇ ಯುರೇನಿಯಂ ಮಿತಿ ಮೀರಿ ಸಿಕ್ಕಿದೆ. ಅದನ್ನು ಆರ್‌ಒ ಬಹುಪಾಲು ತಡೆಯುತ್ತದೆ.