ಗುಂಡಿನ ಪೆಟ್ಟಿಗೆಯ ಶುಚಿತ್ವ

ನಮ್ಮ ಹುಡುಗಿಯರು ಎನ್.ಸಿ.ಸಿ. ದಳದಲ್ಲಿ ಸೇರಿ ಕೋವಿ ಹಿಡಿಯುವುದನ್ನೂ ಅದನ್ನು ಒರಸಿ ಇಡುವುದನ್ನೂ ಕಲಿಯುತ್ತಿರುವರೆಂದು ಕೇಳಿ, ಶಾಂತಿಯನ್ನು ಬೋಧಿಸುವ ಮಿಷನ್ ಶಾಲೆಯಲ್ಲಿ ಇದೇತಕ್ಕೆಂದು ಕೆಲವು ತಾಯಂದಿರು ನಮ್ಮನ್ನು ವಿಚಾರಿಸಿರುವರು. ಪ್ರಶ್ನೆಯು ನ್ಯಾಯವಾದದ್ದೇ. ಆ ದಳವು 1948ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಅದರಲ್ಲಿ ಹುಡುಗಿಯರ ವಿಭಾಗವೂ ಆರಂಭವಾಯಿತು. ಆದರೆ ನಮ್ಮ ಉತ್ತರವು ಇಷ್ಟರಿಂದಲೇ ಮುಗಿಯುವುದಿಲ್ಲ. ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ದಂಡು ನೆಲೆಸಿರುವುದು. ನಮ್ಮ ಇಂದಿರಾನಗರದಲ್ಲಿಯೇ ಡಿಫೆನ್ಸ್ ಕಾಲೊನಿ ಇರುವುದು. ಸೈನ್ಯದಲ್ಲಿ ಸೇವೆಮಾಡಿದವರು ಈ ಭಾಗದಲ್ಲಿ ಬಹುಮಂದಿ ಇರುವರು. ಅಪ್ಪಣೆಪತ್ರವಿರುವ ಕೋವಿಯು ಯಾವ ಮನೆಯ ಬೀರುವಿನಲ್ಲಾದರೂ ಇರಬಹುದು. ಆದಕಾರಣ ಗುರಿಯಿಡುವ ವಿದ್ಯೆಗಿಂತಲೂ ಕೋವಿಯನ್ನು ಅಪಾಯವಿಲ್ಲದೆ ಬರಿದುಮಾಡುವ ವಿದ್ಯೆಯೇ ಹೆಣ್ಣುಮಕ್ಕಳಿಗೆ ಹೆಚ್ಚು ಉಪಯುಕ್ತವೆಂದು ನಾವು ಎಣಿಸುತ್ತೇವೆ. ಅದು ಮ್ಯಾಗಜಿನ್ ಎಂಬ ಒಂದು ಸಣ್ಣ ಪೆಟ್ಟಿಗೆಯಿಂದ ಆರಂಭವಾಗುತ್ತದೆ.

ಮ್ಯಾಗಜಿನ್ ಎಂದೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇಂಥ ಸಂಚಿಕೆಯೇ ನೆನಪಿಗೆ ಬರಬಹುದು. ಅದರಲ್ಲಿ ತಪ್ಪಿಲ್ಲ, ಎರಡಕ್ಕೂ ಮೂಲವು ಉಗ್ರಾಣವೆಂಬ ಅರ್ಥದ ಒಂದೇ ಅರಬೀ ಶಬ್ದ. ಸಿಡಿಮದ್ದನ್ನು ಕೂಡಿಡುವ ಕಟ್ಟಡಕ್ಕೂ ಇದೇ ಹೆಸರುಂಟು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಅಂಥ ಮದ್ದಿನ ಮನೆಗಳನ್ನು ಈಗಲೂ ನೋಡಬಹುದು; ಜೋಡಿ ರೈಲುಹಳಿ ಹಾಕುವುದಕ್ಕಾಗಿ ಅವುಗಳಲ್ಲೊಂದನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಮದ್ದಿನ ಮನೆಗಾಗಲಿ ಕೋವಿಯ ಪೆಟ್ಟಿಗೆಗಾಗಲಿ ಮುಖ್ಯ ಶತ್ರುವು ತೇವವೇ.

ಈ ಪೆಟ್ಟಿಗೆಯ ರಚನೆ ಬಹು ಸರಳವಾದದ್ದು. ತಗಡಿನ ಗೂಡು, ಅದಕ್ಕೊಂದು ತಳ, ಒಳಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ತೋಟಾಗಳನ್ನು ಹೊರುವ ಒಂದು ತಟ್ಟೆ, ಬಾಯಿಯ ಎರಡು ಕಡೆಗಳಲ್ಲಿ ಒಳಕ್ಕೆ ಬಾಗಿದ ಅಂಚುಗಳು. ಈ ಅಂಚುಗಳಿಗೆ ತುಟಿಗಳೆಂದು ಹೆಸರು. ಸ್ಪ್ರಿಂಗು ತೋಟಾಗಳನ್ನು ಮೇಲಕ್ಕೆ ನೂಕುವುದು, ತುಟಿಗಳು ಮೇಲಿನದನ್ನು ತಡೆದು ಹಿಡಿಯುವುವು, ಬೋಲ್ಟ್ ಮುಂದಕ್ಕೆ ಬರುತ್ತ ಅದನ್ನು ನಳಿಗೆಯೊಳಕ್ಕೆ ತಳ್ಳುವುದು. ಜೇಮ್ಸ್ ಪ್ಯಾರಿಸ್ ಲೀ ಎಂಬವನು 1879ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಎರಡು ಮಹಾಯುದ್ಧಗಳಲ್ಲಿಯೂ ನಮ್ಮ ಸಿಪಾಯಿಗಳು ಹೊತ್ತ .303 ಕೋವಿಗೆ ಅವನ ಹೆಸರೇ ಸೇರಿರುವುದು. ಅದರ ಪೆಟ್ಟಿಗೆಯಲ್ಲಿ 10 ತೋಟಾಗಳು ಹಿಡಿಯುತ್ತಿದ್ದವು. ಕೆಡೆಟ್ಟರ .22 ಡಿಲಕ್ಸ್ ಕೋವಿಯಲ್ಲಿ ಹಿಡಿಯುವುವು 5.

ಈಗ ಮುಖ್ಯ ವಿಷಯಕ್ಕೆ ಬರುವೆವು. ಒರಸುವ ಬಟ್ಟೆಯನ್ನು ಮುಟ್ಟುವುದಕ್ಕೆ ಮುಂಚೆ ಕೋವಿಯ ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಪೆಟ್ಟಿಗೆಯನ್ನು ಕಳಚಬೇಕು. ಆಮೇಲೆ ಬೋಲ್ಟನ್ನು ತೆರೆಯಬೇಕು. ಈ ಕ್ರಮವು ಹಿಂದುಮುಂದಾಗಬಾರದು. ಏತಕ್ಕೆಂದರೆ, ತುಂಬಿದ ಪೆಟ್ಟಿಗೆಯು ಕೋವಿಯಲ್ಲಿರುವಾಗಲೇ ಬೋಲ್ಟನ್ನು ತೆರೆದರೆ ಒಳಗಿನ ತೋಟಾ ಹೊರಕ್ಕೆ ಹಾರುವುದು ನಿಜ. ಆದರೆ ಬೋಲ್ಟನ್ನು ಮುಚ್ಚಿದ ಕ್ಷಣವೇ ಮತ್ತೊಂದು ಆ ಸ್ಥಳವನ್ನು ಸೇರುವುದು. ಬರಿದಾಯಿತೆಂದು ನಂಬಿದವಳ ಕೈಯಲ್ಲಿ ತುಂಬಿದ ಕೋವಿಯೇ ಇರುವುದು. ಇನ್ನು ಪೆಟ್ಟಿಗೆಯನ್ನು ಮಾತ್ರ ಕಳಚಿ ಬೋಲ್ಟನ್ನು ತೆರೆಯದೆ ಬಿಟ್ಟರೂ ಅಪಾಯವು ಅಷ್ಟೇ. ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಅಲ್ಲಿ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ತೋಟಾಗಳನ್ನೆಲ್ಲ ಬೇರೊಂದು ಕೋಣೆಯಲ್ಲಿಟ್ಟು ಬಂದ ಮೇಲೆಯೇ ಕೆಲಸಕ್ಕೆ ಕೂಡಬೇಕು. ಮಗಳು ಇಷ್ಟನ್ನು ಕಲಿತು ಮನೆಗೆ ಬಂದರೆ ಸಾಕೆಂದು ನಮ್ಮ ಅಭಿಪ್ರಾಯ. ಮಿಕ್ಕದ್ದನ್ನು ಮರೆತರೂ ಚಿಂತೆಯಿಲ್ಲ.

ಶುಚಿಮಾಡುವ ಕೆಲಸದಲ್ಲಿ ಗೃಹಿಣಿಯರ ಅನುಭವವು ಒಂದು ಕಡೆ ಅಡ್ಡಬರುತ್ತದೆ. ಹೊಲಿಗೆಯ ಯಂತ್ರಕ್ಕೆ ಎಣ್ಣೆ ಬಿಟ್ಟು ಅಭ್ಯಾಸವಾದವರು ಪೆಟ್ಟಿಗೆಯೊಳಕ್ಕೂ ಧಾರಾಳವಾಗಿ ಎಣ್ಣೆ ಹನಿಸುತ್ತಾರೆ. ಅದು ಸಲ್ಲದು. ಎಣ್ಣೆಗೆ ನಮ್ಮ ಕೆಂಪು ಮಣ್ಣಿನ ಧೂಳು ಸೇರಿದರೆ ಅರೆದ ಚಟ್ನಿಯಂತೆ ಗಟ್ಟಿಯಾಗಿ ಸ್ಪ್ರಿಂಗಿನ ಓಟವನ್ನೇ ತಡೆಯುವುದು. ಅದಲ್ಲದೆ ಎಣ್ಣೆಯು ತೋಟಾದೊಳಕ್ಕೆ ಇಳಿದರೆ ಅದರ ಮದ್ದು ಕೆಟ್ಟುಹೋಗಬಹುದು. .22 ತೋಟಾದ ಸೀಸದ ಗುಂಡಿಗೆ ಮೇಣವನ್ನು ಸವರಿರುವುದರಿಂದ ಆ ಮೇಣವೂ ಮಸಿಯೂ ಸೇರಿ ತುಟಿಗಳಲ್ಲಿಯೂ ತಟ್ಟೆಯ ಮೇಲೆಯೂ ಅಂಟಿಕೊಳ್ಳುವುವು. ಆದಕಾರಣ ತಳವನ್ನು ತೆಗೆಯುವ ಬಗೆಯ ಪೆಟ್ಟಿಗೆಯಾದರೆ ಅಂಗೈಯನ್ನು ಅಡ್ಡವಿಟ್ಟು ಮೆಲ್ಲನೆ ತೆಗೆಯಬೇಕು; ಇಲ್ಲವಾದರೆ ಸ್ಪ್ರಿಂಗು ಮುಖಕ್ಕೇ ಹಾರೀತು. ಸ್ಪ್ರಿಂಗಿನ ಯಾವ ಕೊನೆ ಮೇಲಿತ್ತೆಂಬದನ್ನು ಗುರುತಿಟ್ಟುಕೊಂಡು, ಎಲ್ಲವನ್ನೂ ಒಣಬಟ್ಟೆಯಿಂದ ಒರಸಬೇಕು. ಜಿಡ್ಡಿದ್ದರೆ ಮೊದಲು ಎಣ್ಣೆಬಟ್ಟೆಯಿಂದ ತೆಗೆದು, ಮತ್ತೆ ಒಣಬಟ್ಟೆಯಿಂದ ಒರಸಿ ಒಳಭಾಗವನ್ನು ಒಣಗಿರುವಂತೆಯೇ ಬಿಡಬೇಕು. ಉಕ್ಕಿನ ಪೆಟ್ಟಿಗೆಯಾದರೆ ಹೊರಗೆ ಬೆರಳಿಗೆ ಹತ್ತೀತೋ ಹತ್ತದೋ ಎಂಬಷ್ಟು ಎಣ್ಣೆ ಸಾಕು. ಬಿಚ್ಚಲಾಗದ ಪೆಟ್ಟಿಗೆಯನ್ನು ಬಲಾತ್ಕಾರದಿಂದ ಬಿಚ್ಚಬಾರದು.

ಸ್ಪ್ರಿಂಗು ಸಡಿಲವಾಯಿತೆಂದು ಅದನ್ನು ಎಳೆದು ಉದ್ದಮಾಡುವವರೂ, ಬಾಗಿದ ತುಟಿಯನ್ನು ಇಕ್ಕಳದಿಂದ ನೆಟ್ಟಗೆ ಮಾಡುವವರೂ ಉಂಟು. ಇಬ್ಬರೂ ಇದ್ದುದನ್ನೂ ಕೆಡಿಸುವರು. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನೋಡಬೇಕಾದದ್ದು ಬಿರುಕು. 1999ರ ಕಾರ್ಗಿಲ್ ಯುದ್ಧದಲ್ಲಿ ಇನ್ಸಾಸ್ ಕೋವಿಗಳ ಪೆಟ್ಟಿಗೆಗಳು ಹಿಮದ ಚಳಿಗೆ ಸೀಳಿದುವೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಶುಚಿಮಾಡಿದ ಮೇಲೆ ಇಡುವ ಬಗೆಯೊಂದು ಉಳಿಯಿತು. ಇದರಲ್ಲಿ ನಾವು ಕೊಡಗಿನವರನ್ನು ನೋಡಿ ಕಲಿಯಬಹುದು. ಕೊಡವರಿಗೆ ಆಯುಧಗಳ ಅಪ್ಪಣೆಪತ್ರದಿಂದ ಬಹುಕಾಲದಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. ನಾಟಿಯ ಕಾಲದಲ್ಲಿ ಅವರು ಕೋವಿಗಳನ್ನು ದೇವರ ಕೋಣೆಯಲ್ಲಿಟ್ಟು, ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ಹೊರತೆಗೆದು ಒರಸಿ ತೋಕ್ ಪೂ, ಅಂದರೆ ಕೋವಿಹೂವನ್ನು ಮುಡಿಸುವರು. ಪೂಜೆಯ ವಿಷಯದಲ್ಲಿ ನಮ್ಮ ಮಾರ್ಗವು ಬೇರೆ. ಆದರೆ ಮಳೆಗಾಲ ಮುಗಿಯುತ್ತಲೇ ಆಯುಧವನ್ನು ತೆರೆದು ನೋಡುವ ಆ ವಾಡಿಕೆಯನ್ನು ನಾವು ಮೆಚ್ಚುತ್ತೇವೆ. ಬೆಂಗಳೂರಿನಲ್ಲಿ ಮುಂಗಾರೂ ಹಿಂಗಾರೂ ಸುರಿಯುವುದರಿಂದ ತಿಂಗಳಿಗೊಮ್ಮೆ ನೋಡುವುದು ಮೇಲು. ತೊಗಲು ಅಥವಾ ಕ್ಯಾನ್ವಾಸ್ ಚೀಲವು ತೇವವನ್ನು ಹಿಡಿದಿಡುವುದರಿಂದ ಪೆಟ್ಟಿಗೆಯನ್ನು ಅದರಲ್ಲಿ ಬಿಡಬಾರದು. ಬರಿದಾದ ಪೆಟ್ಟಿಗೆ ಒಂದು ಬೀಗದಲ್ಲಿ, ತೋಟಾಗಳು ಇನ್ನೊಂದರಲ್ಲಿ. ಇಡುವ ಮುನ್ನ ತಟ್ಟೆಯನ್ನು ಹೆಬ್ಬೆರಳಿನಿಂದ ಕೆಳಗೊತ್ತಿ ಬಿಡಬೇಕು. ಎಲ್ಲಿಯೂ ತಡೆಯದೆ ಮೇಲಕ್ಕೆ ಚಿಮ್ಮಿದರೆ ಸರಿ, ನಡುವೆ ನಿಂತರೆ ಅದನ್ನು ಕೋವಿ ರಿಪೇರಿಯವನ ಬಳಿಗೇ ಕಳುಹಿಸತಕ್ಕದ್ದು.