ವೈರಸ್‌ನ ಹೆಸರಿಗಿಂತ ಮಗುವಿನ ಉಸಿರು ನೋಡಿ

2025ರ ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾದ ಸುದ್ದಿ ಬಂತು. ಒಂದು ಮೂರು ತಿಂಗಳ ಹೆಣ್ಣು ಮಗು, ಇನ್ನೊಂದು ಎಂಟು ತಿಂಗಳ ಗಂಡು ಮಗು. ಎರಡೂ ವಿದೇಶ ಪ್ರಯಾಣ ಮಾಡಿದವಲ್ಲ. "ಇದು ಇನ್ನೊಂದು ಕೊರೊನಾ ಅಲ್ಲವೇ?" ಎಂದು ಗುಬ್ಬಿ, ಕುಣಿಗಲ್ ಕಡೆಯ ತಾಯಂದಿರು ಈಗಲೂ ಕೇಳುತ್ತಾರೆ.

ಅಲ್ಲ. ಈ ವೈರಸ್ಸನ್ನು ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಗುರುತಿಸಿದ್ದರು. ಅಲ್ಲಿ 1958ರಿಂದ ಕಾಪಿಟ್ಟಿದ್ದ ರಕ್ತದಲ್ಲೂ ಇದರ ಕುರುಹು ಸಿಕ್ಕಿತು. ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗಲಿರುತ್ತದೆ. ಹೊಸದು ಹೆಸರಷ್ಟೇ, ರೋಗ ಹಳೆಯದು.

ಹೆಚ್ಚಿನ ಮಕ್ಕಳಲ್ಲಿ ನೆಗಡಿ, ಕೆಮ್ಮು, ಜ್ವರ ಬಂದು ತಾನಾಗಿ ಇಳಿಯುತ್ತದೆ. ಕೆಲವು ಎಳೆಯ ಕೂಸುಗಳಲ್ಲಿ ಮಾತ್ರ ಸೋಂಕು ಶ್ವಾಸಕೋಶಕ್ಕಿಳಿಯುತ್ತದೆ. ಅದನ್ನು ಮನೆಯಲ್ಲೇ ಗುರುತಿಸಬಹುದು. ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆ-ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರು. ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಗೆ ಕುಸಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಬೆಳಗಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಗೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಹೊರಡಿ. ಆಗ ಮಗುವಿಗೆ ಬೇಕಾದದ್ದು ಆಕ್ಸಿಜನ್.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ದೊಡ್ಡವರ ಜೋಶಾಂದಾವನ್ನು ಕೂಸಿಗೆ ಕುಡಿಸಬೇಡಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಕೆಮ್ಮುವ ಮಗುವಿರುವ ಕೋಣೆಯಲ್ಲಿ ಲೋಬಾನ ಹೊಗೆ, ಬೀಡಿ ಹೊಗೆ ಎರಡೂ ಬೇಡ. ಕುದಿಯುವ ನೀರಿನ ಆವಿ ಹಿಡಿಸಲು ಹೋಗಿ ಮೈ ಸುಟ್ಟುಕೊಂಡ ಮಕ್ಕಳಿದ್ದಾರೆ. ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡಬೇಡಿ. ಎದೆಹಾಲನ್ನು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಕುಡಿಸುತ್ತಿರಿ.

ಈ ವೈರಸ್‌ಗೆ ಲಸಿಕೆ ಇಲ್ಲ, ತಡೆ ನಮ್ಮ ಕೈಯಲ್ಲೇ ಇದೆ. ವುಝೂ ಮಾಡುವ ಕೈಗೆ ಸೋಪನ್ನೂ ಹಚ್ಚಿ ತೊಳೆದು ಮಗುವನ್ನು ಎತ್ತಿಕೊಳ್ಳಿ. ಶಾದಿಮಹಲಿನಲ್ಲಿ ಕೂಸು ಹತ್ತು ಮಡಿಲು ದಾಟುತ್ತದೆ, ಹತ್ತು ಮುತ್ತು ಪಡೆಯುತ್ತದೆ. ನೆಗಡಿಯಿರುವವರು ಪ್ರೀತಿಯನ್ನು ದೂರದಿಂದಲೇ ತೋರಿಸಲಿ. ಬೇಡ ಎನ್ನಲು ತಾಯಿ ಸಂಕೋಚಪಟ್ಟರೆ, ಮನೆಯ ಹಿರಿಯರೇ ಆ ಮಾತು ಹೇಳಲಿ.