ಡಬ್ಬಿ ತಪ್ಪಿದರೆ ಶ್ರುತಿ ತಪ್ಪೀತು!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪೇಟೆಗಳಲ್ಲಿ ಒಂದು ಕಾಲಕ್ಕೆ 'ರೇಡಿಯೋ-ಟಿ.ವಿ. ರಿಪೇರಿ' ಎಂಬ ಫಲಕ ಸಾಮಾನ್ಯವಾಗಿತ್ತು. ಈಗ ಅಂಥ ಜಾಗದಲ್ಲಿ ಮೊಬೈಲ್ ಅಂಗಡಿ ಕೂತಿವೆ. ಫಲಕ ಇಳಿದದ್ದಕ್ಕೆ ಯಾರೂ ಅತ್ತವರಿಲ್ಲ. ಆದರೆ ಫಲಕದ ಸಂಗಡ ಒಳಗಿನ ಡಬ್ಬಿಗಳೂ ಗುಜರಿಯವನ ಪಾಲಾದವಲ್ಲ, ಅದರ ಬಿಸಿ ತಟ್ಟುವುದು ಶ್ರಾವಣ ಮಾಸದಲ್ಲಿ.

ಶ್ರಾವಣ ಬಂತೆಂದರೆ ಊರೂರಿಗೆ ಪುರಾಣ, ಭಜನೆ. ವೇದಿಕೆಯ ಮೇಲೆ ತಂಬೂರಿಯ ಜಾಗದಲ್ಲಿ ಕರೆಂಟಿನ ಶ್ರುತಿ ಪೆಟ್ಟಿಗೆ. ಅದು ಕೈಕೊಡುವುದು ಸರಿಯಾಗಿ ಆ ಹೊತ್ತಿಗೇ!

'ಮಿಸ್ತ್ರಿಯವರ, ಪೆಟಗಿ ದನೀನ ಹಾಕವಲ್ದು. ಸಂಜಿಗೆ ಪುರಾಣ ಐತ್ರಿ.'

'ಪಾರ್ಟ ಇಲ್ರೀ ಮಾಸ್ತರ. ಸೊಲ್ಲಾಪುರದಿಂದ ತರಸಬೇಕು.'

ನಾಲ್ಕು ಊರಿನ ಯಾವ ಕೌಂಟರಿನಲ್ಲಾದರೂ ಕೇಳಿಬರಬಹುದಾದ ಮಾತಿದು. ಪಾರ್ಟಿನ ಬೆಲೆ ಎರಡು-ಮೂರು ರೂಪಾಯಿ, ಬಸ್ ಚಾರ್ಜು ಅದರ ಎಷ್ಟೋ ಪಟ್ಟು. ಸೊಲ್ಲಾಪುರ, ಹುಬ್ಬಳ್ಳಿಯಲ್ಲೂ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಇಲ್ಲವೇ ಮುಂಬೈಯ ಲ್ಯಾಮಿಂಗ್ಟನ್ ರಸ್ತೆ. ಅಲ್ಲಿಯವರೆಗೆ ಪುರಾಣ ಮುಗಿದಿರುತ್ತದೆ.

ಈ ಶ್ರುತಿ ಪೆಟ್ಟಿಗೆ ಪರದೇಶದ ಸರಕಲ್ಲ. ಇಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರ ಸುಮಾರಿಗೆ ಇಂಥ ಯಂತ್ರ ಮಾಡಿ ರಾಡೆಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಅದಕ್ಕೂ ಮುಂಚೆ, 1964ರಲ್ಲಿ, ಅಮೆರಿಕದ ರಾಬರ್ಟ್ ಮೂಗ್ ತಮ್ಮ ಸಿಂಥಸೈಜರ್ ತೋರಿಸಿದ್ದರು. 1969ರ ಹೊತ್ತಿಗೆ ಅಂಥದೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಮೂಗ್ ಯಂತ್ರಕ್ಕೂ ಭಜನೆಯ ಹಳೇ ಪೆಟ್ಟಿಗೆಗೂ ಗಾತ್ರದಲ್ಲಿ ಆನೆ-ಆಡಿನ ಅಂತರ. ಹೊಟ್ಟೆಯೊಳಗಿನ ಮೂಲ ವಿದ್ಯೆ ಮಾತ್ರ ಒಂದೇ: ಆಸಿಲೇಟರ್.

ಅದರ ಕೆಲಸ ನೀರಿನ ತೊಟ್ಟಿಯಂತೆ. ಕೆಪ್ಯಾಸಿಟರ್ ತೊಟ್ಟಿ, ರೆಸಿಸ್ಟರ್ ನಳ. ತೊಟ್ಟಿ ಸೆಕೆಂಡಿಗೆ ಎಷ್ಟು ಸಲ ತುಂಬಿ ಬರಿದಾಗುತ್ತದೋ ಅದೇ ಸ್ವರ. ಪೇಟಿಯ 'ಬಿಳಿ ಒಂದು' ಎಂದರೆ ಸುಮಾರು 262 ಸಲ, ಪಕ್ಕದ ಕಪ್ಪು ಮನೆ ಎಂದರೆ 277. ಅಂತರ ನೂರಕ್ಕೆ ಆರು ಅಷ್ಟೆ. ಪೇಟೆಯಲ್ಲಿ ಸಿಗುವ ಬಂಗಾರದ ಪಟ್ಟಿಯ ಸಾದಾ ರೆಸಿಸ್ಟರ್ ನೂರಕ್ಕೆ ಐದರಷ್ಟು ಹೆಚ್ಚು-ಕಡಿಮೆ ಇರಲು ಕಂಪನಿಯೇ ಪರವಾನಗಿ ಕೊಟ್ಟಿರುತ್ತದೆ! ಅಂದರೆ ಹೆಚ್ಚೂಕಡಿಮೆ ಒಂದು ಮನೆ ಜಾರಿದಂತೆಯೇ. ಶ್ರುತಿ ಪೆಟ್ಟಿಗೆಗೆ ತಿರುಪು ಇರುತ್ತದೆ, ಕಿವಿ ಇದ್ದವರು ತಿರುವಿ ಕೂಡಿಸಿಕೊಂಡಾರು. ಸ್ವರಕ್ಕೊಂದು ರೆಸಿಸ್ಟರ್ ಹಚ್ಚಿ ಕೈಯಾರೆ ಕೀಬೋರ್ಡ್ ಕಟ್ಟುವ ಹುಡುಗರ ಪಾಡೇನು? ಅವರಿಗೆ ನೂರಕ್ಕೆ ಒಂದರ ತಪ್ಪಿನ ಮೆಟಲ್ ಫಿಲ್ಮ್ ಜಾತಿಯೇ ಬೇಕು, ಇಲ್ಲವೇ ಮೀಟರ್ ಹಿಡಿದು ಒಂದೊಂದನ್ನೇ ಆರಿಸಬೇಕು.

ಕೆಪ್ಯಾಸಿಟರಿನದು ಇನ್ನೂ ದೊಡ್ಡ ಕಥೆ. '104' ಎಂದು ಬರೆದ ಬಿಲ್ಲೆ ಆಕಾರದ ಸೆರಾಮಿಕ್ಕೂ ಅದೇ ಅಳತೆಯ ಪಾಲಿಯೆಸ್ಟರೂ ಲೆಕ್ಕದಲ್ಲಿ ಒಂದೇ, ಗುಣದಲ್ಲಿ ಅಲ್ಲ. ಬಿಸಿಲೇರಿದಂತೆ ಅಗ್ಗದ ಸೆರಾಮಿಕ್ಕಿನ ಅಳತೆ ಸರಿಯುತ್ತದೆ. ಆಸಿಲೇಟರಿಗೆ ಅದನ್ನು ಹಚ್ಚಿದರೆ ಮುಂಜಾನೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಬೇರೆಯಾಗುತ್ತದೆ. ಹಾಡುವವನ ಗಂಟಲನ್ನು ಜನ ಬೈಯುತ್ತಾರೆ, ಪಾಪ! ಎರಡನ್ನೂ ಒಂದೇ ಡಬ್ಬಿಗೆ ಸುರಿದ ಪುಣ್ಯಾತ್ಮನನ್ನು ಕೇಳುವವರಿಲ್ಲ.

ಹಳೇ ಮಿಸ್ತ್ರಿಗಳ ಜಾಣತನ ಇದ್ದದ್ದು ಇಲ್ಲಿಯೇ. ಖಾಲಿ ಕಡ್ಡಿಪೆಟ್ಟಿಗೆಗಳನ್ನು ಒಂದಕ್ಕೊಂದು ಅಂಟಿಸಿದರೆ ಖರ್ಚಿಲ್ಲದ ಡ್ರಾವರ್ ಸಿದ್ಧ. ರೆಸಿಸ್ಟರಿನಲ್ಲಿ 10, 12, 15, 18, 22 ಹೀಗೆ 82ರವರೆಗೆ ಹನ್ನೆರಡು ಅಂಕಿ, ಮುಂದೆ ಸೊನ್ನೆ ಏರಿಸುತ್ತ ಹೋಗುವುದು. ಹತ್ತು ಓಮ್‌ನಿಂದ ಒಂದು ಮೆಗವರೆಗೆ ಲೆಕ್ಕ ಹಾಕಿದರೆ 61 ಮನೆ ಸಾಕು. ಮೇಲೆ ಚೀಟಿ. ಆದರೆ ಸಂಜೆಯ ಬಲ್ಬಿನ ಬೆಳಕಿನಲ್ಲಿ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಆಗಿ ಕಾಣುವುದರಿಂದ, ಮೀಟರ್ ಹಚ್ಚದೆ ತಿರುಗಿ ಡಬ್ಬಿಗೆ ಹಾಕಬಾರದು. ಎಲ್ಲ ಎಡವಟ್ಟೂ ಹುಟ್ಟುವುದು 'ಆಮ್ಯಾಲೆ ನೋಡೂಣು' ಎಂದು ಮೇಜಿನ ಮೂಲೆಗೆ ಗುಡ್ಡೆ ಹಾಕಿದ ಮಾಲಿನಿಂದ.

ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಮಾತ್ರ ಕೂಡಿಡುವ ಮಾಲಲ್ಲ. ಅದರೊಳಗಿನ ದ್ರವ ಆರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಕಸುಬಿನವರ ಲೆಕ್ಕ. ನಮ್ಮ ಬೇಸಗೆಯೋ ನಲವತ್ತು ದಾಟುವಂಥದು, ಮೇಲೆ ತಗಡಿನ ಛಾವಣಿ! ಪಾಕೀಟಿನ ಮೇಲೆ ತಂದ ತಾರೀಖು ಬರೆದು, ಕೆಳಗಿನ ಹಲಗೆಯಲ್ಲಿಟ್ಟು, ಹಳೆಯದನ್ನು ಮೊದಲು ಖರ್ಚು ಮಾಡಬೇಕು. ಸ್ವರವನ್ನು ಅರ್ಧ ಮಾಡಿ ಕೆಳಗಿನ ಸಪ್ತಕ ಕೊಡುವ 4040ರಂಥ ಸಿಮಾಸ್ ಐ.ಸಿ.ಗಳ ವೈರಿ ಒಣ ಹವೆ. ಟೆರಿಲಿನ್ ಅಂಗಿ ಉಜ್ಜಿ ಹುಟ್ಟಿದ ಕಿಡಿಯೇ ಅದನ್ನು ಸದ್ದಿಲ್ಲದೆ ಕೊಲ್ಲಬಹುದು. ಸಾದಾ ಪ್ಲಾಸ್ಟಿಕ್ ಚೀಲ ಬೇಡ. ಕಪ್ಪು ಸ್ಪಂಜಿಗೆ ಚುಚ್ಚಿ ಇಡಬೇಕು, ಇಲ್ಲವೇ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಬೇಕು.

ಸತ್ತ ರೇಡಿಯೋ, ಟೇಪ್‌ರಿಕಾರ್ಡರ್‌ಗಳಲ್ಲಿಯೂ ಬಂಗಾರ ಉಂಟು. ಟ್ರಾನ್ಸ್‌ಫಾರ್ಮರ್, ಸ್ವಿಚ್ಚು, ಸ್ಪೀಕರು, ಬೆಂಗಳೂರಿನ ಬಿ.ಇ.ಎಲ್. ಮುದ್ರೆಯ ಟ್ರಾನ್ಸಿಸ್ಟರ್ ಬಿಚ್ಚಿಟ್ಟುಕೊಳ್ಳತಕ್ಕವು. ಬಿಚ್ಚಿದ್ದಕ್ಕೂ ಹೊಸದಕ್ಕೂ ಬೇರೆ ಡಬ್ಬಿ ಇರಲಿ.

ನಾಲ್ಕು ಊರಿಗೆ ನಾಲ್ಕು ಕಪಾಟು ಬೇಕಾಗಿಲ್ಲ. ಒಬ್ಬೊಬ್ಬ ಮಿಸ್ತ್ರಿ ತನ್ನಲ್ಲಿರುವುದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ ಉಳಿದ ಮೂವರಿಗೆ ಫೋನಿನಲ್ಲಿ ಫೋಟೋ ಕಳಿಸಿದರೆ ಸಿಂದಗಿಯ ಐ.ಸಿ. ಬಸ್ಸಿನಲ್ಲಿ ಇಂಡಿಗೆ ಬಂದೀತು. ಐ.ಟಿ.ಐ. ಹುಡುಗರಿಗೆ ರಜೆಯಲ್ಲಿ ಎರಡು ದಿನದ ಕೆಲಸ ಇದು. ಯಾವುದಾದರೂ ಹಳೇ ಅಂಗಡಿ ಬಾಗಿಲು ಹಾಕುತ್ತಿದ್ದರೆ ಅವರು ಮೊದಲು ಅಲ್ಲಿಗೆ ಹೋಗಲಿ. ಗುಜರಿಯವನ ತಕ್ಕಡಿಗೆ ಡಬ್ಬಿ ಮೇಲಿನ ಚೀಟಿ ಓದಲು ಬರುವುದಿಲ್ಲ.